ಮೂರನೆಯ ಸಲ ಕೇಳುವವರು

ಕೊರ್ಪಿಲಹ್ತಿ,
ಅಕ್ಟೋಬರ್ ಹನ್ನೊಂದು

ವೆನ್ಲಾ,

ಪ್ರೀತಿಯ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. ಏಳು ವಾರದಿಂದ ಅಜ್ಜಿ ಇದ್ದಾಳೋ ಸತ್ತಳೋ ಎಂದು ವಿಚಾರಿಸದವಳಿಗೆ ಅದೊಂದು ಕೇಡು. ಓದುವ ಮೊದಲು ನೆಟ್ಟಗೆ ಕೂತುಕೋ. ಆ ಫೋನನ್ನು ಬೋರಲು ಹಾಕು. ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು, ನಿಂತಲ್ಲೇ ಕಣ್ಣು ಹಾಯಿಸಿ ಬಿಸಾಡುವ ಕಾಗದವಲ್ಲ ಇದು. ನನ್ನ ಬೆರಳು ಸೊಟ್ಟ, ಕನ್ನಡಕ ಹಳೆಯದು, ಶಾಲೆ ಆರನೆಯ ಕ್ಲಾಸಿಗೇ ಮುಗಿಯಿತು. ಅಂಥವಳು ಮೂರು ದಿನ ಕೂತು ಬರೆಯಬಲ್ಲಳು ಅಂದಮೇಲೆ, ಅಷ್ಟೆಲ್ಲ ಓದಿ ದಕ್ಷಿಣದ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿರುವ ನೀನು ಅರ್ಧ ಗಂಟೆ ಕೂತು ಓದಬಲ್ಲೆ.

ನಿನ್ನ ಪುಸ್ತಿಕೆ ಬಂತು. ‘ಆಸ್ಪತ್ರೆಯ ರೋಗಿಗಳಲ್ಲಿ ಭಯ ಮತ್ತು ಆತಂಕ ತಗ್ಗಿಸುವ ಶುಶ್ರೂಷೆ.’ ಕೆಳಗೆ ನಾಲ್ಕು ಜನರ ಹೆಸರು, ಮೂರನೆಯದು ನಿನ್ನದು. ಒಳಗೆ ಒಂದು ಚೀಟಿ: ‘ಅಜ್ಜಿ, ಓದು.’ ಕಾಗದ ಅಷ್ಟು ದುಬಾರಿಯಾಗಿದೆಯೇ ನಿಮ್ಮ ಊರಿನಲ್ಲಿ? ಆದರೂ ಓದಿದೆ. ಭೂತಗನ್ನಡಿ ಹಿಡಿದು, ಹಿಂದೆ ಮುಂದೆ ಎರಡು ಸಲ ಓದಿದೆ. ಮೇಲಿನ ಚಿತ್ರದಲ್ಲಿ ಒಂದು ಕೈ ಇನ್ನೊಂದು ಕೈಯನ್ನು ಹಿಡಿದುಕೊಂಡಿದೆ. ಎರಡೂ ಕೈಗೆ ಚೆಂದದ ಉಗುರು. ಹಾಸಿಗೆ ಹಿಡಿದ ಮುದುಕಿಗೆ ಅಂಥ ಉಗುರು ಎಲ್ಲಿಂದ ಬರುತ್ತದೆ ಎಂದು ನಾಲ್ಕು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಒಳಗೆ ಲ್ಯಾವೆಂಡರ್ ಎಣ್ಣೆ, ಮೆಲ್ಲಗಿನ ಸಂಗೀತ, ಮೂಗಿನಲ್ಲಿ ಎಳೆದು ಬಾಯಲ್ಲಿ ಬಿಡುವ ಉಸಿರು. ಎಂಬತ್ತೆರಡು ವರ್ಷದಿಂದ ನಾನು ಉಸಿರಾಡುತ್ತಿದ್ದೇನೆ, ಯಾರೂ ಹೇಳಿಕೊಟ್ಟಿರಲಿಲ್ಲ, ಈಗ ತಿಳಿಯಿತು. ಅಬ್ಬಾ ನಿಮ್ಮ ವಿದ್ಯೆ.

ಆದರೆ ನನಗೆ ಮೈಯೆಲ್ಲ ಉರಿದದ್ದು ಮೂರನೆಯ ಪುಟ ಓದಿ. ‘ಸೊನ್ನೆಯಿಂದ ಹತ್ತರೊಳಗೆ ಭಯ ಎಷ್ಟಿದೆ ಎಂದು ರೋಗಿಯನ್ನು ಕೇಳಿ. ರೋಗಿ ಹೇಳಿದ್ದನ್ನು ನಂಬಿ.’ ಈ ಕಾಗದ ಬರೆಯುತ್ತಿರುವುದು ಆ ಎರಡು ಸಾಲಿಗಾಗಿ. ಇಲ್ಲದಿದ್ದರೆ ನಿನ್ನ ಪುಸ್ತಿಕೆ ಒಲೆ ಹೊತ್ತಿಸಲು ಸಾಕಾಗುತ್ತಿತ್ತು, ಕಾಗದ ಗಟ್ಟಿಯಾಗಿದೆ.

ಆಗಸ್ಟಿನಲ್ಲಿ ನಾನು ನಮ್ಮ ಕಡೆಯ ಆಸ್ಪತ್ರೆಯ ವಾರ್ಡಿನಿಂದ ಎದ್ದು ಬಂದೆನೆಂದು ನಿನಗೆ ಸಿಟ್ಟು. ಹೃದಯದ ಕವಾಟ ತುಕ್ಕು ಹಿಡಿದ ಗೇಟಿನಂತೆ ಕಾಲುಭಾಗ ಮಾತ್ರ ತೆರೆಯುತ್ತಿದೆ, ತೊಡೆಯ ರಕ್ತನಾಳದೊಳಗಿಂದ ಹೊಸ ಕವಾಟ ತೂರಿಸಿ ಕೂರಿಸಬೇಕು, ಇಲ್ಲದಿದ್ದರೆ ಮುಂದಿನ ಬೇಸಿಗೆಯ ಮಾತೇ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಅದೆಲ್ಲ ನನಗೂ ಗೊತ್ತು. ಕೊಟ್ಟಿಗೆಯ ನಾಲ್ಕು ಮೆಟ್ಟಿಲು ಹತ್ತಲು ಈಗ ಎರಡು ಸಲ ನಿಲ್ಲುತ್ತೇನೆ. ನೀನು ಅವತ್ತು ಫೋನಿನಲ್ಲಿ ಕೇಳಿದೆ: “ಯಾಕಜ್ಜಿ ಎದ್ದು ಬಂದೆ?” ನಾನು ಅಂದೆ: “ವಾರ್ಡಲ್ಲಿ ವಿಪರೀತ ಸೆಕೆ. ಕಾಡಲ್ಲಿ ಹಣ್ಣು ಬೇರೆ ಕಳಿತು ಉದುರ್ತಿತ್ತು, ಆರಿಸೋರು ಯಾರು?” ನೀನು ಅದನ್ನು ನಂಬಿದೆ. ನಂಬಿ, “ಜೀವಕ್ಕಿಂತ ನಿಂಗೆ ಹಣ್ಣು ಹೆಚ್ಚಾ, ಹಂಗಾದ್ರೆ ನಿನ್ನ ಹಟ ನಿಂಗಿರಲಿ” ಎಂದು ಇಟ್ಟುಬಿಟ್ಟೆ. ನಿನ್ನ ಅಜ್ಜಿ ಒಂದು ಬುಟ್ಟಿ ಹಣ್ಣಿಗಾಗಿ ಆಸ್ಪತ್ರೆ ಬಿಟ್ಟು ಬರುವವಳೆಂದು ನೀನು ನಂಬಿದೆಯಲ್ಲ, ಅದಕ್ಕಿಂತ ದಡ್ಡತನ ಇನ್ನೊಂದಿದೆಯೇ?

ಹುಲ್ಡಾಳ ಮನೆ ನೆನಪಿದೆಯೇ? ಕೆರೆಯಾಚೆಯ ಹುಲ್ಡಾ. ನಿನಗೆ ಆಗ ಏಳು ವರ್ಷ. ಅವಳು ಕಾಫಿ ಇಟ್ಟು, ಏಲಕ್ಕಿ ಬನ್ನಿನ ತಟ್ಟೆ ಮುಂದಿಟ್ಟು, “ಬನ್ನಿ, ಕೂತ್ಕೊಳ್ಳಿ” ಅಂದಳು. ನಾನು, ನನ್ನ ಜೊತೆಗಿದ್ದ ಇನ್ನಿಬ್ಬರು ಹೆಂಗಸರು ಗೋಡೆಗೊರಗಿ ನಿಂತೇ ಇದ್ದೆವು. ನೀನು ಹೋಗಿ ಕುರ್ಚಿ ಹತ್ತಿ ಬನ್ನಿಗೆ ಕೈ ಹಾಕಿದೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ದಾರಿಯಲ್ಲಿ ನಿನ್ನ ಕಿವಿ ಹಿಂಡಿ ಹೇಳಿಕೊಟ್ಟೆ: ಮೊದಲನೆಯ ಕರೆಗೆ ‘ಅಯ್ಯೋ ಬೇಡ, ಮನೇಲಿ ಕುಡಿದೇ ಬಂದ್ವಿ’ ಅನ್ನಬೇಕು. ಎರಡನೆಯದಕ್ಕೆ ‘ನಮಗ್ಯಾಕೆ, ಬೇರೆಯೋರಿಗೆ ಕೊಡಿ’ ಎಂದು ಬಾಗಿಲ ಕಡೆ ನೋಡಬೇಕು. ಮೂರನೆಯ ಸಲ ಕರೆದರೆ ‘ನೀವಿಷ್ಟು ಹೇಳ್ತೀರಿ ಅಂದ್ಮೇಲೆ ಅರ್ಧ ಬಟ್ಟಲು’ ಎಂದು ಕೂರಬೇಕು. ಕರೆಯುವವರಿಗೂ ಇದು ಗೊತ್ತಿರುತ್ತದೆ. ಒಂದೇ ಸಲ ಕರೆದು ಸುಮ್ಮನಾಗುವವರು ಮನುಷ್ಯರೇ ಅಲ್ಲ ಎಂದು ಈ ಸೀಮೆಯಲ್ಲಿ ಎಲ್ಲರೂ ಬಲ್ಲರು. ನೀನು ಅದನ್ನೆಲ್ಲ ಕಲಿತೆ, ಹತ್ತು ವರ್ಷ ಚೆನ್ನಾಗಿ ನಡೆಸಿದೆ. ಆಮೇಲೆ ದಕ್ಷಿಣಕ್ಕೆ ಹೋಗಿ ಎಲ್ಲ ತೊಳೆದುಕೊಂಡೆ.

ಈಗ ಆಗಸ್ಟಿನದು ಕೇಳು. ಬೆಳಿಗ್ಗೆ ಏಳಕ್ಕೆ ನನ್ನನ್ನು ಮಲಗಿಸಿ, ಆ ಹಿಂದುಗಡೆ ಕಟ್ಟುವ ನಾಚಿಕೆಗೇಡಿ ಅಂಗಿ ತೊಡಿಸಿದರು. ನೀಯಾ ಎಂಬ ಹುಡುಗಿ ಬಂದಳು. ನರ್ಸಂತೆ. ಹುಬ್ಬು ತೀಡಿದ್ದ ಅಂದ ನೋಡಿದರೆ ಮದುವೆಮನೆಗೆ ಹೊರಟವಳ ಹಾಗಿದ್ದಳು. ಕೈಯಲ್ಲಿ ಒಂದು ಹಲಗೆಯಂಥ ಫೋನು. ಅದರಿಂದ ಕಣ್ಣೆತ್ತದೆ ಕೇಳಿದಳು: “ಸೊನ್ನೆಯಿಂದ ಹತ್ತರೊಳಗೆ, ಈಗ ಎಷ್ಟು ಭಯ ಆಗ್ತಿದೆ?”

ನಾನು ಅಂದೆ: “ಸೊನ್ನೆ. ನನಗ್ಯಾಕೆ ಭಯ?”

“ಸೂಪರ್” ಅಂದಳು. ಒತ್ತಿದಳು. ಹೋದಳು.

ಅಷ್ಟೇ. ನಾನು ಬಾಗಿಲು ನೋಡುತ್ತ ಮಲಗಿದೆ. ಇನ್ನೊಂದು ಸಲ ಬರುತ್ತಾಳೆ, ಬಂದೇ ಬರುತ್ತಾಳೆ, ಇಷ್ಟು ದೊಡ್ಡ ವಿಷಯಕ್ಕೆ ಒಂದೇ ಸಲ ಕೇಳಿ ಹೋಗುವುದುಂಟೇ ಎಂದುಕೊಂಡೆ. ಎರಡನೆಯ ಸಲ ಏನು ಹೇಳಬೇಕು, ಮೂರನೆಯ ಸಲ ಎಷ್ಟಕ್ಕೆ ಒಪ್ಪಿಕೊಳ್ಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ನಾಲ್ಕು ಅನ್ನೋಣ, ನಾಲ್ಕು ಮರ್ಯಾದೆಯ ಅಂಕಿ.

ಪಕ್ಕದ ಹಾಸಿಗೆಯಲ್ಲಿ ಗುನ್ವೊರ್ ಎಂಬವಳು. ಕರಾವಳಿಯವಳು, ಸ್ವೀಡಿಷ್ ಮಾತಿನ ಮನೆತನ, ಕೊರಳಲ್ಲಿ ಮುತ್ತು, ಅದನ್ನು ಬಿಚ್ಚಿಸಲು ಇಬ್ಬರು ಬೇಕಾದರು. ನೀಯಾ ಅವಳ ಹತ್ತಿರ ಹೋಗಿ ಬಾಯಿ ತೆರೆಯುವ ಮೊದಲೇ ಅವಳು, “ಒಂಬತ್ತು ಕಣಮ್ಮ. ಒಂಬತ್ತೂವರೆ ಇದ್ರೆ ಅದನ್ನೇ ಬರಿ” ಅಂದಳು. ಹೇಗೆ ಅಂದಳು ಗೊತ್ತೇ? ಅಂಗಡಿಯಲ್ಲಿ ಬೆಣ್ಣೆ ಕೇಳುವ ಹಾಗೆ. ತಕ್ಷಣ ಅವಳಿಗೆ ಬಿಸಿ ಮಾಡಿದ ಹೊದಿಕೆ ಬಂತು. ಕಿವಿಗೆ ಸಂಗೀತ ಬಂತು. ಇನ್ನೊಬ್ಬ ನರ್ಸು ಬಂದು ಕುರ್ಚಿ ಎಳೆದುಕೊಂಡು ಅವಳ ಕೈ ಹಿಡಿದು ಕೂತಳು. ಅರ್ಧ ಗಂಟೆಗೆ ಗುನ್ವೊರ್ ಗೊರಕೆ ಹೊಡೆಯತೊಡಗಿದಳು. ಹೊಟ್ಟೆಬಾಕಿ. ಮೊದಲನೆಯ ಕರೆಗೇ ತಟ್ಟೆ ಖಾಲಿ ಮಾಡಿದಳು.

ನಾನು ಎರಡು ಗಂಟೆ ಹತ್ತು ನಿಮಿಷ ಆ ಸೊನ್ನೆಯ ಜೊತೆ ಮಲಗಿದ್ದೆ. ಮೇಲೆ ಛಾವಣಿಗೆ ಒಂದು ಚಿತ್ರ ಅಂಟಿಸಿದ್ದರು, ನೆಮ್ಮದಿಗಂತೆ. ಮರಳು, ನೀಲಿ ಸಮುದ್ರ, ತೆಂಗಿನಮರ. ಜನ್ಮದಲ್ಲಿ ತೆಂಗಿನಮರದ ಕೆಳಗೆ ಕೂತವಳಲ್ಲ ನಾನು, ಅದನ್ನು ನೋಡಿದಷ್ಟೂ ಎಲ್ಲೋ ದೂರದ ಊರಿನಲ್ಲಿ ಸಾಯುತ್ತಿದ್ದೇನೆ ಅನ್ನಿಸಿತು. ಕೈ ನಡುಗತೊಡಗಿತು. ಹೊದಿಕೆಯ ಕೆಳಗೆ ಬಚ್ಚಿಟ್ಟೆ. ಆಮೇಲೆ ಹಲ್ಲು ಕಟಕಟ ಅನ್ನತೊಡಗಿತು. ಹಲ್ಲನ್ನು ಬಚ್ಚಿಡುವುದೆಲ್ಲಿ? ಎದ್ದೆ, ಅಂಗಿ ಬದಲಿಸಿದೆ, ಚೀಲ ತೆಗೆದುಕೊಂಡೆ. ಓಣಿಯಲ್ಲಿ ನೀಯಾ ಎದುರಾದಳು. “ಎಲ್ಲಿಗೆ ಹೊರಟ್ರಿ?” ಅಂದಳು. “ಸ್ವಲ್ಪ ಗಾಳಿ ಕುಡಿಯೋಕೆ” ಅಂದೆ. ಅದನ್ನೂ ನಂಬಿದಳು. ಒಂಬತ್ತೂಮುಕ್ಕಾಲಿನ ಬಸ್ಸು ಸಿಕ್ಕಿತು.

ಹೀಗೆ, ಕೂಸೇ. ಸೆಕೆಯೂ ಇರಲಿಲ್ಲ, ಹಣ್ಣೂ ಇರಲಿಲ್ಲ. ಈ ವರ್ಷ ಹಣ್ಣು ಬಿಟ್ಟೇ ಇಲ್ಲ, ಬೇಕಾದರೆ ಯಾರನ್ನಾದರೂ ಕೇಳು.

ನಿನಗೆ ಹೇಳದ ಇನ್ನೊಂದಿದೆ. ಸೆಪ್ಟೆಂಬರ್ ಕೊನೆಗೆ ನಾನು ಮತ್ತೆ ಹೋಗಿದ್ದೆ. ಯಾರಿಗೂ ಹೇಳದೆ. ಮತ್ತೆ ಎದ್ದು ಬರುವುದೇ ಆದರೆ ಗೊತ್ತಾಗದೆ ಬರೋಣ ಎಂದು. ಈ ಸಲ ಬಂದವನು ಓಸ್ಮೊ. ಗಂಡಸು ನರ್ಸು. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಸಲಿಕೆಯಂಥ ಕೈ. ಮೊದಲು ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದನಂತೆ. ಇವನು ಸೂಜಿ ಹಿಡಿಯುವುದುಂಟೇ, ಗಂಡಸರಿಗೆ ಬೇರೆ ಕೆಲಸ ಇಲ್ಲವೇ ಎಂದು ಮುಖ ಗಂಟಿಕ್ಕಿಕೊಂಡೆ.

“ಅಜ್ಜಿ, ಭಯ ಎಷ್ಟು?” ಅಂದ.

“ಸೊನ್ನೆ.”

ಅವನು ಏನೂ ಬರೆದುಕೊಳ್ಳಲಿಲ್ಲ. ಕಿಟಕಿಯ ಪರದೆ ಸರಿಮಾಡಿದ. “ಯಾವ ಊರು?” ಅಂದ.

“ಕೊರ್ಪಿಲಹ್ತಿ.”

“ಓ. ನಮ್ಮಮ್ಮ ಆ ಕಡೆಯೋಳೇ. ಹಂಗಾದ್ರೆ ನಾನಿನ್ನೂ ಎರಡು ಸಲ ಬರ್ಬೇಕು” ಅಂದು ಹೋದ.

ಮೈಯೆಲ್ಲ ಕಿವಿಯಾಗಿ ಮಲಗಿದೆ. ಕಾಲು ಗಂಟೆಗೆ ಬಂದ. ರಕ್ತದೊತ್ತಡ ನೋಡಿದ. “ಈಗೆಷ್ಟು?”

“ಆಗ್ಲೇ ಹೇಳ್ಲಿಲ್ವಾ? ಹೋಗಿ ಬೇರೆಯೋರನ್ನ ನೋಡು, ಪಾಪ ಅವರಿಗೆ ಬೇಕಿರುತ್ತೆ.”

“ನೋಡ್ಕೊಂಡೇ ಬರ್ತೀನಿ.”

ಮೂರನೆಯ ಸಲ ಬಂದಾಗ ಕುರ್ಚಿ ಹೊತ್ತುಕೊಂಡೇ ಬಂದ. ಕೂತ. ಫೋನು ನೋಡಲಿಲ್ಲ, ನನ್ನ ಕೈ ಹಿಡಿಯಲಿಲ್ಲ. ಹಿಡಿದಿದ್ದರೆ ಕಿತ್ತುಕೊಳ್ಳುತ್ತಿದ್ದೆ. ಸುಮ್ಮನೆ ನಾನು ನೋಡುತ್ತಿದ್ದ ಕಡೆಯೇ ನೋಡುತ್ತ ಕೂತ.

“ಅದೇನು ಆ ತೆಂಗಿನಮರ” ಅಂದ ಕೊನೆಗೆ. “ನಂಗೂ ಅದನ್ನ ಕಂಡ್ರೆ ಆಗಲ್ಲ. ಈಗೆಷ್ಟು ಅಜ್ಜಿ?”

“ನೀನಿಷ್ಟು ಕೇಳ್ತೀಯ ಅಂದ್ಮೇಲೆ, ಏಳು” ಅಂದೆ.

“ಏಳಾ? ನಮ್ಮಮ್ಮನೂರಿನ ಏಳು ಅಂದ್ರೆ ಒಂಬತ್ತು. ಒಂಬತ್ತು ಅಂತ ಬರ್ಕೋತೀನಿ, ಬೇಜಾರಿಲ್ವಲ್ಲ?”

“ನಿನ್ನ ಹಲಗೆ, ನಿನ್ನ ಇಷ್ಟ.”

ಆಮೇಲೆ ಯಾವುದರ ಭಯ ಎಂದು ಕೇಳಿದ. ಹೇಳಿದೆ. ಸಾಯುವುದರದ್ದಲ್ಲ. ಎಚ್ಚರವಾಗಿಯೇ ಮಲಗಿಸುತ್ತಾರಲ್ಲ, ನಡುವೆ ನಾನು ಕೂಗಿಕೊಂಡರೆ? ಅಷ್ಟು ಜನ ಗುರುತಿಲ್ಲದವರ ಮುಂದೆ ಕೈಕಾಲು ಹಿಡಿಸಿಕೊಂಡು ಒದ್ದಾಡಿದರೆ? ಮೂರು ಹೆಣ್ಣು ಮಕ್ಕಳನ್ನು ಹೆತ್ತಾಗ ಗೋಡೆಯಾಚೆಗೆ ಸದ್ದು ಕೇಳಿಸದ ಹಾಗೆ ಹೆತ್ತವಳು ನಾನು. ಆ ಮಾನ ಒಂದು ಬೆಳಿಗ್ಗೆಯಲ್ಲಿ ಹೋಗಿಬಿಟ್ಟರೆ?

ಓಸ್ಮೊ ನಗಲಿಲ್ಲ. ಹಾಗೇನೂ ಆಗಲ್ಲ ಎಂದು ಸಮಾಧಾನ ಮಾಡುವ ಮೂರ್ಖತನವನ್ನೂ ಮಾಡಲಿಲ್ಲ. ಟ್ರ್ಯಾಕ್ಟರನ್ನು ಬಿಚ್ಚಿ ತೋರಿಸುವ ಹಾಗೆ ಒಂದೊಂದೇ ಹೇಳಿದ. ಮೇಜು ತಣ್ಣಗಿರುತ್ತದೆ, ಬೆನ್ನಿಗೆ ತಾಕಿದ ಕೂಡಲೇ ಬೆಚ್ಚುತ್ತೀರಿ. ತೊಡೆಗೆ ಸೂಜಿ, ಮೂರು ಎಣಿಸುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಒತ್ತಿದ ಹಾಗೆ, ನೋವಲ್ಲ. ಡಾಕ್ಟರುಗಳು ಹಾಕಿಯ ಮಾತಾಡುತ್ತಾರೆ, ಅವರು ಹಾಕಿಯ ಮಾತಾಡುತ್ತಿದ್ದಾರೆ ಅಂದರೆ ಎಲ್ಲ ಸರಿಯಿದೆ ಎಂದರ್ಥ. ಕೊನೆಗೆ ಕವಾಟ ಕೂರಿಸುವ ಗಳಿಗೆ. ಆಗ ಅವನ ದನಿ ಇನ್ನೂ ನಿಧಾನವಾಯಿತು.

“ಆವಾಗ ಹೃದಯಾನ ಬೇಕಂತಲೇ ಓಡಿಸ್ತಾರೆ, ಕವಾಟ ಅಲ್ಲಾಡಬಾರ್ದು ಅಂತ. ಲೋಕ ದೂರ ಹೋದಂಗಾಗುತ್ತೆ. ಮುಂಚೆ ಹೇಳದಿದ್ರೆ ಸತ್ತೇಹೋದೆ ಅಂದ್ಕೋತಾರೆ ಜನ, ಅಲ್ಲೇ ಒದ್ದಾಡೋದು. ನಾನು ತಲೆ ಹತ್ರ ನಿಂತ್ಕೊಂಡು ಹತ್ತರ ತನಕ ಎಣಿಸ್ತೀನಿ. ಹತ್ತಾಗೋ ಅಷ್ಟ್ರಲ್ಲಿ ವಾಪಸ್ ಬಂದಿರ್ತೀರಿ. ಸ್ವಲ್ಪ ತಡವಾದ್ರೆ ಹನ್ನೊಂದು, ಹನ್ನೆರಡು ಅಂತೀನಿ, ಹೆದರ್ಬೇಡಿ.”

“ಜೋರಾಗಿ ಎಣಿಸ್ತೀಯಾ?”

“ಟ್ರ್ಯಾಕ್ಟರ್ ಆನಾಗಿದ್ರೂ ಕೇಳಿಸೋ ಹಂಗೆ.”

ವೆನ್ಲಾ, ಈ ಹತ್ತು ಎಣಿಕೆ ನಿನ್ನ ಪುಸ್ತಿಕೆಯಲ್ಲಿ ಎಲ್ಲಿದೆ? ಯಾವ ಪುಟದಲ್ಲಿದೆ? ಲ್ಯಾವೆಂಡರಿಗೆ ಅರ್ಧ ಪುಟ ಕೊಟ್ಟಿದ್ದೀರಿ. ಹೃದಯ ಓಡಿಸುವಾಗ ತಲೆಯ ಹತ್ತಿರ ಒಬ್ಬರು ನಿಂತು ಎಣಿಸಿ ಎಂದು ಒಂದು ಸಾಲು ಹಾಕಲು ನಾಲ್ಕು ಜನರಿಗೆ ಜಾಗ ಸಿಗಲಿಲ್ಲ. ಅವನು ಹೇಳಿ ಮುಗಿಸುವಾಗ ನನ್ನ ಹಲ್ಲಿನ ಕಟಕಟ ನಿಂತಿತ್ತು. ಒಂಬತ್ತಿದ್ದದ್ದು ಮೂರಕ್ಕೆ ಇಳಿದಿತ್ತು. ಸುಳ್ಳು ಮೂರಲ್ಲ, ನಿಜವಾದ ಮೂರು.

ಆಮೇಲೆ ಆದದ್ದೇನು? ಹತ್ತು ಗಂಟೆಗೆ ಯಾರೋ ರಸ್ತೆಯಲ್ಲಿ ಎದೆ ಹಿಡಿದು ಬಿದ್ದನಂತೆ, ಅವನನ್ನು ಒಳಗೆ ತೆಗೆದುಕೊಂಡರು, ನನ್ನನ್ನು ಮನೆಗೆ ಕಳಿಸಿದರು. ಎಂಬತ್ತೆರಡು ವರ್ಷಕ್ಕೆ ಒಮ್ಮೆ ಧೈರ್ಯ ಮಾಡಿದರೆ ಹೀಗೆ. ಈಗ ಮೂರನೆಯ ಸಲಕ್ಕೆ ದಿನ ಗೊತ್ತುಮಾಡಿದ್ದಾರೆ, ನವೆಂಬರ್ ಹದಿನಾಲ್ಕು. ಈ ಸಲವೂ ನಾನು ಎದ್ದು ಬಂದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರಂತೆ, ಕಾಗದ ಬಂದಿದೆ. ಓಸ್ಮೊ ಇರುವುದಿಲ್ಲ. ಅವನಿಗೆ ಮಗುವಾಗುತ್ತದಂತೆ, ನವೆಂಬರ್ ಪೂರ್ತಿ ರಜೆಯಂತೆ. ಹೆರುವವಳು ಹೆಂಡತಿ, ರಜೆ ಇವನಿಗೆ. ಗಂಡಸರ ಕಾಲ ಬಂತು. ಕೇಳಿದೆ, ಹಾಗಾದರೆ ಯಾರಿರುತ್ತಾರೆ? ನೀಯಾ ಇರುತ್ತಾಳಂತೆ.

ನೀನು ಬರಬೇಕಾದ ಅಗತ್ಯವಿಲ್ಲ. ನಿನ್ನ ಕೆಲಸ ನಿನಗೆ, ರೈಲಿನಲ್ಲಿ ಒಂಬತ್ತು ಗಂಟೆ, ಬೇರೆ ರೋಗಿಗಳಿದ್ದಾರೆ, ನನಗೇನಾಗಿದೆ.

ಇಷ್ಟು ಬರೆದು ನಿನ್ನೆ ನಿಲ್ಲಿಸಿದ್ದೆ. ಲಕೋಟೆಗೆ ನಾಲಿಗೆ ತಾಗಿಸುವಷ್ಟರಲ್ಲಿ ಇನ್ನೊಂದು ಹೇಳದೆ ಕಳಿಸಿದರೆ ನಾನೂ ನೀಯಾಳೇ ಆದೆ ಅನ್ನಿಸಿತು. ಮತ್ತೆ ಕೂತಿದ್ದೇನೆ.

ನಿನ್ನ ತಾತ, ನನ್ನ ಗಂಡ ತಾವೆತ್ತಿ, ಸತ್ತದ್ದು ಅದೇ ಆಸ್ಪತ್ರೆಯಲ್ಲಿ, ಈ ವಾರ್ಡಿನ ಮೇಲಿನ ಅಂತಸ್ತಿನಲ್ಲಿ. ಹನ್ನೊಂದು ವರ್ಷವಾಯಿತು. ಹೊಟ್ಟೆಯ ಆಪರೇಷನ್ನು ಮರುದಿನ ಬೆಳಿಗ್ಗೆ ಇತ್ತು. ಅಂದು ಮಧ್ಯಾಹ್ನ ಅವನ ಹತ್ತಿರ ಕೂತಿದ್ದೆ. ಎಂದೂ ಮಾತಾಡದವನು ಅವತ್ತು ದೋಣಿಗೆ ಟಾರು ಹಚ್ಚುವುದರ ಬಗ್ಗೆ ಒಂದೇ ಸಮನೆ ಮಾತಾಡಿದ. ನಾನು ಎದ್ದಾಗ ಕೇಳಿದೆ: “ಹೆದರಿಕೆ ಆಗ್ತಿದ್ಯಾ? ಇಲ್ಲೇ ಇರ್ಲಾ?” ಅವನು, “ಎಂಥ ಹೆದರಿಕೆ, ಹೋಗು, ಬಸ್ಸು ತಪ್ಪುತ್ತೆ” ಅಂದ.

ನಾನು ಬಸ್ಸು ಹಿಡಿದೆ.

ನಲವತ್ತಾರು ವರ್ಷ ಅವನ ಹೆಂಡತಿ. ಗೊತ್ತಿಲ್ಲದ ಅಂಚೆಯವನಿಗೆ ಮೂರು ಸಲ ಕರೆದು ಕಾಫಿ ಬಗ್ಗಿಸಿದವಳು. ನನ್ನ ಗಂಡನನ್ನು ಒಂದೇ ಒಂದು ಸಲ ಕೇಳಿದೆ. ಅವನೂ ಈ ಸೀಮೆಯವನೇ ಅಲ್ಲವೇ, ಇನ್ನೆರಡು ಸಲಕ್ಕೆ ಕಾಯುತ್ತಿದ್ದ ಎಂದು ನನಗೆ ಆಗ ಹೊಳೆಯಲಿಲ್ಲ. ಅಥವಾ ಹೊಳೆಯಿತೇನೋ, ಆದರೆ ಬಸ್ಸಿಗೆ ಹೊತ್ತಾಗಿತ್ತು. ಬೆಳಿಗ್ಗೆ ಅವನು ಆಪರೇಷನ್ ಮೇಜಿನಿಂದ ಏಳಲೇ ಇಲ್ಲ. ಬಟ್ಟೆಯ ಗಂಟು ತರಲು ಹೋದಾಗ ಅಲ್ಲಿದ್ದ ವಯಸ್ಸಾದ ನರ್ಸು ಹೇಳಿದಳು, ಬಸ್ ನಿಲ್ದಾಣ ಯಾವ ಕಿಟಕಿಗೆ ಕಾಣುತ್ತದೆ ಎಂದು ಅವನು ಕೇಳಿದನಂತೆ. ಬಸ್ಸು ತಿರುವು ದಾಟುವ ತನಕ ಅಲ್ಲಿ ನಿಂತಿದ್ದನಂತೆ. ನಾನು ತಲೆಯೆತ್ತಿ ನೋಡಿರಲಿಲ್ಲ. ಒಳ್ಳೆಯ ಸೀಟು ಹಿಡಿಯುವ ಅವಸರ.

ಆದ್ದರಿಂದ ನೀಯಾಳನ್ನೂ ನಿನ್ನನ್ನೂ ಬೈಯುವ ಯೋಗ್ಯತೆ ನನಗೆಷ್ಟಿದೆ ಎಂದು ನೀನು ಕೇಳಬಹುದು. ಇಲ್ಲ. ಆದರೂ ಬೈಯುತ್ತೇನೆ. ನಾನು ಯಾವ ಶಾಲೆಯಲ್ಲೂ ಇದನ್ನು ಕಲಿತು ಸಂಬಳ ತೆಗೆದುಕೊಂಡವಳಲ್ಲ, ನೀವು ತೆಗೆದುಕೊಳ್ಳುತ್ತೀರಿ.

ನಿನ್ನ ಪುಸ್ತಿಕೆಯ ಮೂರನೆಯ ಪುಟ ಹರಿದು ಇದರೊಳಗೇ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ತಿದ್ದಿದ್ದೇನೆ, ಅಕ್ಷರ ಕೆಟ್ಟದಾಗಿದೆ. ‘ನಂಬಿ’ ಎಂಬುದನ್ನು ಹೊಡೆದು ಹಾಕಿ, ‘ಸುಮ್ಮನೆ ತಲೆಯಾಡಿಸಿ, ಹೋಗಿ, ಮತ್ತೆ ಬನ್ನಿ, ಮೂರನೆಯ ಸಲ ಕುರ್ಚಿ ತನ್ನಿ’ ಎಂದು ಬರೆದಿದ್ದೇನೆ. ಉಳಿದ ಮೂವರಿಗೂ ತೋರಿಸು. ಅಜ್ಜಿಯ ಹೆಸರು ಹಾಕಬೇಡ, ನನಗೆ ಅಂಥ ಕೀರ್ತಿ ಬೇಡ.

ನಾಯಿ ಚೆನ್ನಾಗಿದೆ. ಆಲೂಗಡ್ಡೆ ಎಲ್ಲ ಒಳಗೆ ಬಂತು, ಪಕ್ಕದ ಮನೆಯವರು ಅಗೆದುಕೊಟ್ಟರು. ಕೆರೆಯ ಅಂಚು ಬೆಳಿಗ್ಗೆ ಗಾಜಿನಂತೆ ಕಟ್ಟತೊಡಗಿದೆ.

ಇಷ್ಟು ಸಾಕು, ಬೆರಳು ನೋಯುತ್ತಿದೆ.

ನಿನ್ನನ್ನು ಸಾಕಿ ಕೆಡಿಸಿದ ಅಜ್ಜಿ,
ಸೈಮಿ

ಮರೆತ ಮಾತು: ಬರುವ ಅಗತ್ಯವಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ನಂಬಬೇಡ. ಹದಿಮೂರಕ್ಕೇ ಬಾ. ವಾರ್ಡಿಗೆ ಫೋನು ಮಾಡಿ ಕೇಳಿಯಾಗಿದೆ, ನೀನು ನರ್ಸಾದ್ದರಿಂದ ಒಳಗೆ ನನ್ನ ತಲೆಯ ಹತ್ತಿರ ನಿಲ್ಲಬಹುದಂತೆ. ನಿಂತು ಹತ್ತರ ತನಕ ಎಣಿಸು, ಗಂಟಲು ಬಿಚ್ಚಿ ಎಣಿಸು. ಹೆದರಿಕೆ ಒಂಬತ್ತಿದೆ, ಕೂಸೇ. ನೀನು ಒಂದು ಸಲವೂ ಕೇಳುವ ಮೊದಲೇ ಹೇಳಿದ್ದೇನೆ, ಎಂಥ ಗತಿಗೆ ಬಂದೆ ನೋಡು. ಬರುತ್ತೀಯೋ ಇಲ್ಲವೋ ಎಂದು ನವೆಂಬರ್ ಕಾಲಿಡುವ ಮೊದಲು ಬರೆದು ಕಳಿಸು. ‘ನೋಡೋಣ ಅಜ್ಜಿ’ ಎಂದು ಬರೆದೆಯೋ, ಅಂಚೆಯವನ ಕೈಯಲ್ಲೇ ತಿರುಗಿ ಕಳಿಸುತ್ತೇನೆ.